ಹಿತ್ತಿಲ ಗಂಧ ಮದ್ದಲ್ಲವೆ?

ನಮ್ಮ ವೈದ್ಯರು ಹಪುಷವೆಂದೂ ಪಾಶ್ಚಾತ್ಯರು ಜೂನಿಪರ್ ಎಂದೂ ಕರೆಯುವ ಗಿಡದ ಕಾಯಿಯು ಹೊಟ್ಟೆಯ ಉಬ್ಬರ, ಶೂಲೆ, ಮೂಲವ್ಯಾಧಿಗಳಿಗೆ ಮದ್ದೆಂದು ಬಹುಕಾಲದಿಂದ ಹೆಸರಾಗಿದೆ. ಭಾವಪ್ರಕಾಶವು ಇದನ್ನು ಹರೀತಕ್ಯಾದಿ ವರ್ಗದಲ್ಲಿ ಎಣಿಸಿದೆ. ಯುರೋಪಿನವರು ಇದರ ಎಣ್ಣೆಯನ್ನು ಮೂತ್ರವನ್ನು ಸರಾಗಗೊಳಿಸುವುದಕ್ಕಾಗಿ ಕೊಡುತ್ತಿದ್ದರು. ಅವರ ಜಿನ್ ಎಂಬ ಮದ್ಯಕ್ಕೆ ವಾಸನೆಯನ್ನೂ ಹೆಸರನ್ನೂ ಕೊಟ್ಟದ್ದು ಇದೇ ಕಾಯಿ. ಔಷಧಿಯ ಗಿಡಗಳನ್ನು ಬೆಳೆದು ಹಣ ಗಳಿಸಬೇಕೆಂಬ ಉತ್ಸಾಹವು ಹಳ್ಳಿಹಳ್ಳಿಗೂ ಹಬ್ಬುತ್ತಿರುವ ಈ ದಿನಗಳಲ್ಲಿ, ಇಂತಹ ಬೆಲೆಯುಳ್ಳ ಗಿಡವನ್ನು ಶಿಕಾರಿಪುರ ಸೊರಬಗಳ ಕಡೆಯಲ್ಲಿ ಏಕೆ ಬೆಳೆಯಬಾರದೆಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟುವುದು.

ಪ್ರಶ್ನೆಯೇನೋ ಸರಿಯಾದುದೇ. ಆದರೆ ಮದ್ದಿನ ಹಪುಷವು ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿಯೂ ಉತ್ತರದ ಶೀತದೇಶಗಳಲ್ಲಿಯೂ ಬೆಳೆಯತಕ್ಕ ಗಿಡ. ಅದರ ಬೀಜವು ತಿಂಗಳುಗಟ್ಟಲೆ ತಣ್ಣಗಿನ ತೇವದಲ್ಲಿ ಮಲಗಿದ್ದಲ್ಲದೆ ಮೊಳೆಯುವುದಿಲ್ಲ. ಎಷ್ಟೋ ಸಲ ಎರಡನೆಯ ವಸಂತದವರೆಗೂ ಕಾಯಿಸುತ್ತದೆ. ಕಾಯಿ ಮಾಗುವುದಕ್ಕೆ ಎರಡು ಮೂರು ವರ್ಷ ಬೇಕು. ಗಂಡು ಹೆಣ್ಣು ಗಿಡಗಳು ಬೇರೆಬೇರೆಯಾದುದರಿಂದ ಒಂಟಿ ಗಿಡವನ್ನು ನೆಟ್ಟು ಫಲವನ್ನು ನಿರೀಕ್ಷಿಸುವಂತಿಲ್ಲ. ಬೆಂಗಳೂರಿನ ತೋಟಗಳಲ್ಲಿ ಜೂನಿಪರ್ ಎಂಬ ಹೆಸರಿನಿಂದ ಕಾಣುವ ಗಿಡಗಳು ಚೆಂದಕ್ಕಾಗಿ ಕಡ್ಡಿಯಿಂದ ಬೆಳೆಸಿದ ಬೇರೆ ಜಾತಿಯವು. ಅವುಗಳನ್ನು ಮದ್ದೆಂದು ತಿಳಿದು ಸೇವಿಸುವುದು ಅಪಾಯಕರ. ಆದಕಾರಣ ಹಪುಷವನ್ನು ಹಿಮಾಲಯಕ್ಕೇ ಬಿಟ್ಟು, ನಮ್ಮ ನೆಲವು ತಾನಾಗಿ ಕೊಟ್ಟಿರುವ ಸುಗಂಧದ ಮದ್ದಿನ ಮರದ ಕಡೆಗೆ ವಾಚಕರ ಗಮನವನ್ನು ಸೆಳೆಯಲಿಚ್ಛಿಸುವೆವು. ಆ ಮರವು ಶ್ರೀಗಂಧ.

ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮವರು ಆಡುವುದು ಹತ್ತಿರವಿರುವ ವಸ್ತುವಿನ ಮೇಲಣ ಅನಾದರವನ್ನು ಕುರಿತು. ಗಂಧದ ವಿಷಯದಲ್ಲಿ ಆದದ್ದು ಅನಾದರವಲ್ಲ, ಭಯ. ಆ ಭಯಕ್ಕೆ ಕಾರಣವಾಗಿದ್ದ ಕಾನೂನು ಬದಲಾಗಿ ಎರಡು ದಶಕಗಳು ಕಳೆದಿದ್ದರೂ ಭಯವು ಪೂರ್ತಿಯಾಗಿ ಹೋಗಿಲ್ಲ. ನಾವು ಈ ಲೇಖನದಲ್ಲಿ ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ.

ಮೊದಲು ಮದ್ದಿನ ಮಾತು. ಹಪುಷವು ಉಷ್ಣವೀರ್ಯದ್ದು, ಚಂದನವು ಶೀತ. ಒಂದರ ಬದಲಿಗೆ ಇನ್ನೊಂದನ್ನು ಕೊಡುವಂತಿಲ್ಲ. ಚರಕಸಂಹಿತೆಯು ಚಂದನವನ್ನು ದಾಹವನ್ನು ಶಮನಗೊಳಿಸುವ, ಮೈಬಣ್ಣವನ್ನು ತಿಳಿಗೊಳಿಸುವ, ನವೆಯನ್ನು ಕಳೆಯುವ, ವಿಷವನ್ನು ಪರಿಹರಿಸುವ ದ್ರವ್ಯಗಳ ಗುಂಪುಗಳಲ್ಲಿ ಹೇಳಿದೆ. ಉರಿಮೂತ್ರಕ್ಕೆ ಚಂದನಾಸವವನ್ನು ವೈದ್ಯರು ಈಗಲೂ ಕೊಡುತ್ತಾರೆ. ಬೇಸಗೆಯ ಬೆವರುಸಾಲೆಗೆ, ಉರಿಯುವ ಹಣೆಗೆ ಸಾಣೆಕಲ್ಲಿನ ಮೇಲೆ ತೇದ ಗಂಧವನ್ನು ಹಚ್ಚುವುದನ್ನು ನಮ್ಮ ಮನೆಗಳ ಹೆಂಗಸರಿಗೆ ಯಾವ ಗ್ರಂಥವೂ ಕಲಿಸಬೇಕಾಗಿಲ್ಲ. ರಕ್ತಚಂದನವು ಇದರ ಜಾತಿಯದಲ್ಲ. ಅದು ಹೊನ್ನೆಯ ಕುಲಕ್ಕೆ ಸೇರಿದ ಬೇರೆಯೇ ಮರ. ಪೇಟೆಯಲ್ಲಿ ಗಂಧದ ಪುಡಿಯೆಂದು ಮಾರುವ ಪೊಟ್ಟಣಗಳಲ್ಲಿ ಬಣ್ಣ ಹಾಕಿದ ಮರದ ಹೊಟ್ಟು ಇರುವುದೂ ಉಂಟಾದುದರಿಂದ, ಕೊರಡನ್ನೇ ಕೊಂಡು ತೇಯುವುದು ಕ್ಷೇಮ. ಎಣ್ಣೆಯನ್ನಂತೂ ವೈದ್ಯರ ಅಪ್ಪಣೆಯಿಲ್ಲದೆ ಹೊಟ್ಟೆಗೆ ತೆಗೆದುಕೊಳ್ಳಬಾರದು. ಗರ್ಭಿಣಿಯರೂ ಮೂತ್ರಪಿಂಡದ ರೋಗಿಗಳೂ ಸರ್ವಥಾ ತೆಗೆದುಕೊಳ್ಳಬಾರದು.

ಪಶ್ಚಿಮದ ವೈದ್ಯರೂ ಈ ಗುಣವನ್ನು ಒಪ್ಪಿದ್ದರು. ಪೆನಿಸಿಲಿನ್ ಬರುವುದಕ್ಕೆ ಮುಂಚೆ ಮೂತ್ರಮಾರ್ಗದ ಸಾಂಕ್ರಾಮಿಕ ರೋಗಗಳಿಗೆ ಯುರೋಪಿನಲ್ಲಿ ಗಂಧದೆಣ್ಣೆಯ ಗುಳಿಗೆಗಳನ್ನು ಧಾರಾಳವಾಗಿ ಕೊಡುತ್ತಿದ್ದರು. ಮೈಸೂರಿನ ಗಂಧದ ಕೊರಡು ಹಡಗಿನಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ ಜಗತ್ತಿಗೆಲ್ಲ ಮಾರಾಟವಾಗುತ್ತಿತ್ತು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗಿ ಆ ವ್ಯಾಪಾರವು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಭುತ್ವದಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದ ರಸಾಯನಶಾಸ್ತ್ರಜ್ಞರ ನೆರವಿನಿಂದ ೧೯೧೬ರಲ್ಲಿ ಎಣ್ಣೆಯನ್ನು ಇಲ್ಲಿಯೇ ಇಳಿಸಿದರು. ಮೈಸೂರಿನ ಕಾರ್ಖಾನೆಯೂ ಗಂಧದ ಸಾಬೂನೂ ಅದರ ಬೆನ್ನಿಗೇ ಬಂದವು. ೧೯೪೪ರಲ್ಲಿ ಶಿವಮೊಗ್ಗದಲ್ಲಿ ಎರಡನೆಯ ಎಣ್ಣೆಯ ಕಾರ್ಖಾನೆಯಾಯಿತು. ಕಚ್ಚಾ ಸರಕನ್ನು ಹೊರಗೆ ಕಳುಹಿಸಿ ಸಿದ್ಧ ವಸ್ತುವನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದ ದೇಶವು ತನ್ನ ಸೊತ್ತನ್ನು ತಾನೇ ಬಳಸುವುದನ್ನು ಕಲಿತುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಆದರೆ ಈ ಸೊತ್ತು ಯಾರದಾಗಿತ್ತು? ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಇತಿಹಾಸವು ಹೇಳುತ್ತದೆ. ಅರಸರು ಬದಲಾದರೂ, ಸಂಸ್ಥಾನವು ಹೋಗಿ ಪ್ರಜಾಪ್ರಭುತ್ವವು ಬಂದರೂ ಆ ಪದ್ಧತಿಯು ಬದಲಾಗಲಿಲ್ಲ. ೧೯೬೩ರ ಕರ್ನಾಟಕ ಅರಣ್ಯ ಶಾಸನದಲ್ಲಿಯೂ ಅದೇ ಮುಂದುವರಿಯಿತು. ರೈತನ ಸ್ವಂತ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಅದನ್ನು ಕಾಯುವ ಹೊಣೆ ಮಾತ್ರ ರೈತನದು. ಕಳ್ಳನು ಕಡಿದರೆ ವಿಚಾರಣೆಗೆ ನಿಲ್ಲುವವನು ಜಮೀನುದಾರ. ಇಂತಹ ಗಿಡವು ಬೇಲಿಯಲ್ಲಿ ತಲೆಯೆತ್ತಿದರೆ, ಎರಡೆಲೆ ಇರುವಾಗಲೇ ಕಿತ್ತೆಸೆಯುವುದು ಜಾಣತನವೆಂದು ರೈತನು ಭಾವಿಸಿದ್ದರಲ್ಲಿ ಆಶ್ಚರ್ಯವೇನು? ಮರವನ್ನು ಉಳಿಸಲೆಂದು ಮಾಡಿದ ಕಾನೂನೇ ಮರದ ಸಂತತಿಗೆ ಮುಳುವಾಯಿತು.

ಸೊರಬದ ಸೀಮೆಯಲ್ಲಿಯೇ ಇದಕ್ಕೆ ಪ್ರತಿಯಾದ ಉದಾಹರಣೆಯಿದೆ. ಅಲ್ಲಿಯ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ೧೮೬೮ರಲ್ಲಿ ವರದಿಯನ್ನು ಬರೆದರು. ಸುತ್ತಲೂ ಎಲೆಯುದುರುವ ಕಾಡೂ ಹುಲ್ಲುಗಾವಲೂ ಇರುವಾಗ, ನಡುನಡುವೆ ನಿತ್ಯಹಸಿರಾದ ಈ ಕಾನುಗಳು ಉಳಿದುಬಂದುದಕ್ಕೆ ಕಾರಣವೇನು? ಗ್ರಾಮಸ್ಥರು ಅವುಗಳಿಗೆ ಕಂದಾಯವನ್ನು ಕೊಟ್ಟು, ಮೆಣಸು ಮೊದಲಾದ ಉತ್ಪನ್ನವನ್ನು ಪಡೆದು, ಬನದ ದೇವತೆಗೆ ನಡೆದುಕೊಂಡು ಬಂದಿದ್ದರು. ಪ್ರಯೋಜನವೂ ಭಕ್ತಿಯೂ ಕೂಡಿದ ಕಡೆ ಮರವು ಉಳಿಯಿತು. ಹೊಣೆಯನ್ನು ಮಾತ್ರ ಹೊರಿಸಿದ ಕಡೆ ಅಳಿಯಿತು.

೨೦೦೧ರ ತಿದ್ದುಪಡಿಯು ಈ ಅನ್ಯಾಯವನ್ನು ಬಹುಮಟ್ಟಿಗೆ ಸರಿಪಡಿಸಿತು. ಈಗ ಜಮೀನುದಾರನು ತನ್ನ ಭೂಮಿಯಲ್ಲಿರುವ ಗಂಧದ ಮರಕ್ಕೆ ತಾನೇ ಒಡೆಯ. ನೆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಮಾತ್ರ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆದುದರಿಂದ ಬೆಳೆಸುವ ಬಗೆಯನ್ನು ನಮ್ಮ ರೈತರು ಚೆನ್ನಾಗಿ ತಿಳಿಯಬೇಕಾದ ಕಾಲವು ಬಂದಿದೆ.

ಗಂಧವು ಒಂಟಿಯಾಗಿ ಬಾಳುವ ಮರವಲ್ಲ. ಅದು ಎಲೆಯಿಂದ ತಾನೇ ಆಹಾರವನ್ನು ತಯಾರಿಸಿಕೊಂಡರೂ, ನೀರನ್ನೂ ಲವಣಗಳನ್ನೂ ಬಹುಭಾಗ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಹೀರಿಕೊಳ್ಳುತ್ತದೆ. ಕಾಡಿನಲ್ಲಿ ಹಕ್ಕಿಗಳು ಹಣ್ಣನ್ನು ತಿಂದು ಮುಳ್ಳಿನ ಪೊದೆಗಳಲ್ಲಿ ಬೀಜವನ್ನು ಉದುರಿಸುತ್ತವೆ. ಆ ಪೊದೆಯೇ ಸಸಿಗೆ ನೆರಳೂ ಬೇಲಿಯೂ ಆಶ್ರಯವೂ ಆಗುತ್ತದೆ. ಈ ಸ್ವಭಾವವನ್ನು ಅರಿಯದೆ, ಅಡಿಕೆಯ ಸಸಿಯಂತೆ ಬರಿಯ ನೆಲದಲ್ಲಿ ಸಾಲಾಗಿ ನೆಟ್ಟವರ ಗಂಧವು ಹಳದಿಗಟ್ಟಿ ಸೊರಗುವುದು.

ಸಸಿಯನ್ನು ಮಾಡುವ ಕ್ರಮ ಹೀಗೆ. ಚೆನ್ನಾಗಿ ಬೆಳೆದ, ರೋಗವಿಲ್ಲದ ಮರದಿಂದ ಕಪ್ಪಾಗಿ ಮಾಗಿದ ಹಣ್ಣನ್ನು ಆಯ್ದು, ನೀರಿನಲ್ಲಿ ನೆನೆಸಿ ಉಜ್ಜಿ, ತಿರುಳನ್ನು ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ಹೊಸ ಬೀಜವು ಸುಮಾರು ಎರಡು ತಿಂಗಳು ಮಲಗಿರುತ್ತದೆ. ಬೇಗ ಮೊಳೆಯಬೇಕಾದರೆ ಜಿಬ್ಬರೆಲಿಕ್ ಆಮ್ಲದ ಶೇಕಡಾ ೦.೦೫ರ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಮರಳು ಹೆಚ್ಚಾಗಿರುವ ಪಾತಿಯಲ್ಲಿ ಬಿತ್ತುವುದು ರೂಢಿ. ನಾಲ್ಕಾರು ಎಲೆ ಬಂದ ಸಸಿಯನ್ನು ಬೇರು ಮುರಿಯದಂತೆ ಎತ್ತಿ ಚೀಲಕ್ಕೆ ಹಾಕುವಾಗ, ಅದೇ ಚೀಲದಲ್ಲಿ ತೊಗರಿಯನ್ನೋ ಹೊನಗೊನ್ನೆಯನ್ನೋ ಜೊತೆಗೆ ಬೆಳೆಸಬೇಕು. ಜೊತೆಯ ಗಿಡವು ಗಂಧವನ್ನು ಮುಚ್ಚದಂತೆ ಆಗಾಗ ಚಿವುಟಬೇಕು. ಆರೆಂಟು ತಿಂಗಳಲ್ಲಿ ಗೇಣುದ್ದವನ್ನು ಮೀರಿದ ಸಸಿಯು ನೆಡುವುದಕ್ಕೆ ಸಿದ್ಧ. ಚೀಲದಲ್ಲಿ ಜೊತೆಗಿಡವಿಲ್ಲದ ಸಸಿಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಮುಂಗಾರು ಹಿಡಿದೊಡನೆ, ಒಂದೂವರೆ ಅಡಿಯ ಗುಂಡಿಗಳಲ್ಲಿ, ಹತ್ತು ಅಡಿಗೆ ಕಡಮೆಯಿಲ್ಲದ ಅಂತರದಲ್ಲಿ ನೆಡಬೇಕು. ಬಹುಕಾಲ ಜೊತೆಯಿರತಕ್ಕ ಮರಗಳೆಂದರೆ ಹೊಂಗೆ, ನೆಲ್ಲಿ, ಗಾಳಿಮರ, ಹೆಬ್ಬೇವು ಮುಂತಾದವು. ಇವುಗಳಲ್ಲಿ ಹೊಂಗೆ ನೆಲ್ಲಿಗಳು ನಮ್ಮ ಸೀಮೆಗೆ ಹೊಸವಲ್ಲ. ಗಂಧಕ್ಕೆ ನಿಂತ ನೀರು ಆಗದು. ಕೆರೆಯ ಕೆಳಗಿನ ಗದ್ದೆಗಳಾಗಲಿ ಸೊರಬದ ಪಡುವಣ ಭಾಗದ ಜೌಗು ನೆಲವಾಗಲಿ ಇದಕ್ಕೆ ತಕ್ಕುದಲ್ಲ. ಶಿಕಾರಿಪುರದ ಮೂಡಣ ಭಾಗದ, ನೀರು ಬಸಿದುಹೋಗುವ ಕೆಂಪು ಜಲ್ಲಿನೆಲವೂ ಎತ್ತರದ ಬದುಗಳೂ ತಕ್ಕುವು. ಮೆಕ್ಕೆಜೋಳ ಶುಂಠಿಗಳ ಹೊಲದಲ್ಲಿ ಕಳೆನಾಶಕವನ್ನು ಎರಚುವವರು, ಆ ವಿಷವು ಆಶ್ರಯದ ಗಿಡಗಳನ್ನು ಕೊಂದರೆ ಗಂಧವೂ ಉಳಿಯದೆಂಬುದನ್ನು ಮರೆಯಬಾರದು. ದನಕ್ಕೆ ಗಂಧದ ಸೊಪ್ಪು ರುಚಿ. ಮೊದಲ ಕೆಲವು ವರ್ಷ ಬೇಲಿಯಿಲ್ಲದೆ ಸಾಗದು.

ಇನ್ನು ಫಲದ ಮಾತು. ಹನ್ನೆರಡು ವರ್ಷಕ್ಕೆ ಎಕರೆಗೆ ಕೋಟಿ ರೂಪಾಯಿ ಎಂದು ಆಸೆ ತೋರಿಸುವ ಜಾಹೀರಾತುಗಳನ್ನು ನಂಬುವುದು ತರವಲ್ಲ. ಬೆಲೆಯಿರುವುದು ಕಾಂಡದ ಬಿಳಿ ಭಾಗಕ್ಕಲ್ಲ, ಒಳಗಿನ ಚೇಗಿಗೆ. ಅದು ಕಟ್ಟಲು ತೊಡಗುವುದೇ ಸುಮಾರು ಹತ್ತು ವರ್ಷದ ಮೇಲೆ. ಎಲ್ಲ ಮರಗಳಲ್ಲಿಯೂ ಒಂದೇ ಸಮನಾಗಿ ಕಟ್ಟುವುದೂ ಇಲ್ಲ. ಚೇಗು ಬಲಿಯಬೇಕಾದರೆ ಎರಡು ಮೂರು ದಶಕಗಳ ತಾಳ್ಮೆ ಬೇಕು. ಬೇರಿನಲ್ಲಿ ಎಣ್ಣೆ ಹೆಚ್ಚಾಗಿರುವುದರಿಂದ ಮರವನ್ನು ಕಡಿಯದೆ ಬುಡಸಹಿತ ಕೀಳುವರು. ಎಲೆಗಳು ಕಿರಿದಾಗಿ ರೆಂಬೆಗಳೆಲ್ಲ ಮುಳ್ಳಿನ ಗೊಂಚಲಿನಂತಾಗುವ ಸ್ಪೈಕ್ ರೋಗವು ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಕಂಡು, ಮುಂದೆ ಲಕ್ಷಾಂತರ ಮರಗಳನ್ನು ತಿಂದಿತು. ಅತಿಸೂಕ್ಷ್ಮವಾದ ರೋಗಾಣುವೊಂದು ಇದಕ್ಕೆ ಕಾರಣವೆಂದು ೧೯೬೦ರ ದಶಕದ ಕೊನೆಯಲ್ಲಿ ತಿಳಿಯಿತಾದರೂ ಬಯಲಿನ ಮರಕ್ಕೆ ನಿಶ್ಚಿತವಾದ ಮದ್ದು ಇನ್ನೂ ಇಲ್ಲ. ರೋಗ ಹಿಡಿದ ಮರವನ್ನು ಕಿತ್ತುಹಾಕುವುದೇ ದಾರಿ. ಆದಕಾರಣ ಇರುವ ಹೊಲವನ್ನೆಲ್ಲ ಗಂಧಕ್ಕೆ ಒಪ್ಪಿಸದೆ, ಬದುವಿಗೆ ಹತ್ತಿಪ್ಪತ್ತು ಮರಗಳಂತೆ ಬೆಳೆಸುವುದೇ ಸಣ್ಣ ಹಿಡುವಳಿದಾರನಿಗೆ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಈ ವಿಷಯವು ಸೊರಬಕ್ಕೆ ಮಿಕ್ಕೆಲ್ಲ ಊರುಗಳಿಗಿಂತ ಹತ್ತಿರದ್ದು. ಸೊರಬ ಸಾಗರಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಲೂಯಿ ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೊಗಳಿದ್ದಾರೆ. ಅಂಗೈಯಗಲದ ಪೆಟ್ಟಿಗೆಯ ಮೇಲೆ ಬಳ್ಳಿಯನ್ನೂ ಹಕ್ಕಿಯನ್ನೂ ದೇವತೆಯನ್ನೂ ಒಟ್ಟಿಗೆ ಮೂಡಿಸುವ ಆ ಕೈಗಳಿಗೆ ಈಗ ಗಂಧದ ಕೊರಡು ದುರ್ಲಭವಾಗಿ, ಶಿವನೆಯಂತಹ ಮರಗಳೇ ಗತಿಯಾಗಿವೆ. ಅತ್ತ ಆಸ್ಟ್ರೇಲಿಯದವರು ಆರ್ಡ್ ನದಿಯ ನೀರಾವರಿಯ ಬಯಲಿನಲ್ಲಿ ನಮ್ಮ ಜಾತಿಯ ಗಂಧವನ್ನೇ ಸಾವಿರಾರು ಎಕರೆ ಬೆಳೆಸಿದ್ದಾರೆ. ಮೈಸೂರಿನ ಹೆಸರಿನಿಂದ ಲೋಕಪ್ರಸಿದ್ಧವಾದ ವಸ್ತುವನ್ನು ನಾವು ಪರದೇಶದಿಂದ ತರಿಸಿಕೊಳ್ಳುವ ದಿನವು ಬಂದರೆ, ೧೯೧೬ರಲ್ಲಿ ಮಾಡಿದ ಸಾಹಸಕ್ಕೆ ಅರ್ಥವೇನು ಉಳಿದೀತು?

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹಗಳು ನಾಲ್ಕು. ಮೊದಲನೆಯದಾಗಿ, ಎರಡೂ ತಾಲ್ಲೂಕುಗಳ ಪ್ರತಿಯೊಂದು ಹೋಬಳಿಯಲ್ಲಿಯೂ ಜೊತೆಗಿಡಸಹಿತವಾದ ಸಸಿಗಳು ನ್ಯಾಯವಾದ ಬೆಲೆಗೆ ದೊರೆಯಲಿ. ಎರಡನೆಯದಾಗಿ, ರೈತನು ಬೆಳೆಸಿದ ಮರಗಳನ್ನು ಪಹಣಿಯಲ್ಲಿ ಕಾಣಿಸುವ ಕೆಲಸವು ಅಲೆದಾಟವಿಲ್ಲದೆ ಆಗಲಿ. ಮರವು ತನ್ನದೆಂಬ ದಾಖಲೆಯು ಕೈಯಲ್ಲಿದ್ದರೆ ಭಯವು ಅರ್ಧ ಕಳೆಯುವುದು. ಮೂರನೆಯದಾಗಿ, ಗಂಧಗಳ್ಳರ ಮೇಲೆ ದೂರು ಕೊಟ್ಟ ರೈತನನ್ನೇ ಮೊದಲು ಸಂಶಯದಿಂದ ನೋಡುವ ಹಳೆಯ ಅಭ್ಯಾಸವು ಠಾಣೆಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅದು ನಿಲ್ಲಲಿ. ನಾಲ್ಕನೆಯದಾಗಿ, ಸೊರಬದ ಗುಡಿಗಾರರಿಗೆ ವರ್ಷಕ್ಕಿಷ್ಟೆಂದು ಗೊತ್ತಾದ ಪ್ರಮಾಣದ ಗಂಧವು ಮಿತವಾದ ಬೆಲೆಗೆ ದೊರೆಯುವ ಏರ್ಪಾಡಾಗಲಿ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯವು ಈ ಎರಡು ತಾಲ್ಲೂಕುಗಳಿಗೆ ನೆರೆಯಲ್ಲಿಯೇ ಇದೆ. ಅಲ್ಲಿಯ ವಿದ್ವಾಂಸರು ಹಳ್ಳಿಗಳಿಗೆ ಬಂದು ಯಾವ ನೆಲಕ್ಕೆ ಯಾವ ಜೊತೆಮರವೆಂಬುದನ್ನು ತೋರಿಸಿಕೊಟ್ಟರೆ ಅದು ದೊಡ್ಡ ಉಪಕಾರವಾಗುವುದು.

ರೈತ ಮಹಾಶಯರಲ್ಲಿ ನಾವು ಬೇಡುವುದು ಒಂದೇ. ಈ ಮಳೆಗಾಲದಲ್ಲಿ ಬೇಲಿಯನ್ನು ಸವರುವಾಗ ಹಕ್ಕಿ ಬಿತ್ತಿದ ಗಂಧದ ಸಸಿಯು ಕಂಡರೆ, ಹಿಂದಿನಂತೆ ಅದನ್ನು ಕಿತ್ತೆಸೆಯದಿರಿ. ಸುತ್ತಲಿನ ಪೊದೆಯನ್ನೂ ಕಡಿಯದೆ ಬಿಟ್ಟು, ದನದ ಬಾಯಿಗೆ ಸಿಗದಂತೆ ನಾಲ್ಕು ಮುಳ್ಳುಕೊಂಬೆಗಳನ್ನು ಚುಚ್ಚಿರಿ. ಅದಕ್ಕೆ ಕಾಸಿನ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಈಗ ಆ ಸಸಿಯು ನಿಮ್ಮದೇ.