ಹಳೆಯ ಓಮ್‌ಗೆ ಹೊಸ ಬಿಡಿಭಾಗ

ಆಷಾಢದ ಮಳೆ ಹಿಡಿದರೆ ತುಳುನಾಡಿನ ಹಳೆಮನೆಗಳ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳ ಭೌತಶಾಸ್ತ್ರ ಲ್ಯಾಬುಗಳಲ್ಲಿ ಹಳೆಯ ರೆಸಿಸ್ಟೆನ್ಸ್ ಬಾಕ್ಸ್ ಇದ್ದರೆ, ಅದರೊಳಗೂ ಇದೇ ತೇವ ನುಗ್ಗುತ್ತದೆ. ಅಲ್ಲಿ ಉಬ್ಬುವುದು ತಂತಿಸುರುಳಿಗೆ ಬಳಿದ ಅರಗು. ಉಬ್ಬಿದ ಅರಗು ತಂತಿಯನ್ನು ಕಣ್ಣಿಗೆ ಕಾಣದಷ್ಟು ಜಗ್ಗುತ್ತದೆ, ಅದರ ವಿದ್ಯುತ್ ರೋಧ ಏರುತ್ತದೆ. ಒಣಹವೆ ಬಂದಾಗ ಮತ್ತೆ ಇಳಿಯುತ್ತದೆ. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಎಡ್ವರ್ಡ್ ರೋಸಾ ಮತ್ತು ಹೆರಾಲ್ಡ್ ಬ್ಯಾಬ್‌ಕಾಕ್ 1907ರ ಸುಮಾರಿಗೆ ಇದನ್ನು ಪತ್ತೆಹಚ್ಚಿದರು. ಆ ಬಳಿಕ ರೋಸಾ ಸುರುಳಿಯನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿಬಿಟ್ಟರು.

ರೋಧವನ್ನು ಅಳೆಯುವ ಮಾನ ಓಮ್. ಇಷ್ಟೇ ಓಮ್ ಎಂದು ಖಚಿತವಾಗಿ ಗೊತ್ತಿದ್ದು, ಉಳಿದ ರೋಧಗಳನ್ನು ಅಳೆಯಲು ಆಧಾರವಾಗುವ ಇಂಥ ಸುರುಳಿಯೇ ಪ್ರಮಾಣ ರೋಧ. ತಂತಿ ಸಾಮಾನ್ಯವಾಗಿ ಮ್ಯಾಂಗನಿನ್: ನೂರರಲ್ಲಿ ಸುಮಾರು 84 ಪಾಲು ತಾಮ್ರ, 12 ಪಾಲು ಮ್ಯಾಂಗನೀಸ್, ಉಳಿದದ್ದು ನಿಕ್ಕಲ್. ಒಂದು ಡಿಗ್ರಿ ಬಿಸಿಯೇರಿದರೆ ತಾಮ್ರದ ರೋಧ ಶೇ. 0.4ರಷ್ಟು ಹೆಚ್ಚುತ್ತದೆ. ಮ್ಯಾಂಗನಿನ್‌ನ ರೋಧವಾದರೋ ಕೋಣೆಯ ತಾಪದಲ್ಲಿ ಲಕ್ಷಕ್ಕೆ ಒಂದೆರಡು ಪಾಲಷ್ಟೇ ಕದಲುತ್ತದೆ. ಲಂಡನ್ನಿನ ಟಿನ್‌ಸ್ಲೆ, ಬರ್ಲಿನ್ನಿನ ಒಟ್ಟೊ ವುಲ್ಫ್, ಫಿಲಡೆಲ್ಫಿಯಾದ ಲೀಡ್ಸ್ ಆಂಡ್ ನಾರ್ತ್ರಪ್ ಒಂದು ಕಾಲಕ್ಕೆ ಇವುಗಳ ಹೆಸರಾಂತ ತಯಾರಕರು. ಇಂದು ಅವುಗಳಲ್ಲೊಂದು ಕೆಟ್ಟರೆ ಬಿಡಿಭಾಗ ಎಲ್ಲಿಂದ ತರುವುದು?

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಉತ್ತರ ಸುಲಭ ಅನ್ನಿಸಬಹುದು: ಸಿಗದ ಭಾಗವನ್ನು ಮಾಡಿಸಿ ಹಾಕಿ. ಕಾರು ಓಡಿದರೆ ರಿಪೇರಿ ಗೆದ್ದ ಹಾಗೆ. ಪ್ರಮಾಣ ರೋಧಕ್ಕೆ ಈ ಅಳತೆಗೋಲು ಸಾಲದು. ಅದರಲ್ಲಿ ಕರೆಂಟು ಹರಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಅದರ ಬೆಲೆಯೆಲ್ಲ ಇರುವುದು ಇಷ್ಟು ವರ್ಷ ತನ್ನ ಮೌಲ್ಯವನ್ನು ಬಿಟ್ಟುಕೊಟ್ಟಿಲ್ಲ ಎಂಬ ದಾಖಲೆಯಲ್ಲಿ. ಹಾಗಾಗಿ ಬಿಡಿಭಾಗ ಹುಡುಕುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಭಾಗ ಬದಲಾದರೆ ಓಮ್ ಬದಲಾಗುತ್ತದೆಯೇ?

ಮರದ ಪೆಟ್ಟಿಗೆ, ಹಿಡಿಕೆ, ಥರ್ಮಾಮೀಟರು ಧಾರಾಳವಾಗಿ ಬದಲಾಗಲಿ. ಸ್ಕ್ರೂಗಳ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಬ್ರಿಟಿಷ್ ಉಪಕರಣಗಳಲ್ಲಿ ಇರುವುದು ಹೆಚ್ಚಾಗಿ ಬಿಎ ಥ್ರೆಡ್. ಬಿಎ ಎಂದರೆ ಬ್ರಿಟಿಷ್ ಅಸೋಸಿಯೇಷನ್. 1861ರಲ್ಲಿ ಓಮ್‌ಗೆ ಒಂದು ಮಾನಕ ರೂಪಿಸಲು ಸಮಿತಿ ನೇಮಿಸಿದ ಸಂಸ್ಥೆಯೂ ಅದೇ. 2ಬಿಎ ಸ್ಕ್ರೂವಿನ ವ್ಯಾಸ 4.7 ಮಿ.ಮೀ. ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಸ್ಕ್ರೂ ಹತ್ತಿರಹತ್ತಿರ ಕೂರುವಂತೆ ಕಾಣುತ್ತದೆ. ಬಲವಂತವಾಗಿ ತಿರುವಿದರೆ ಹಿತ್ತಾಳೆಯ ಹಳೆಯ ಥ್ರೆಡ್ಡೇ ಹಾಳು. ಲೇತ್ ಇರುವ ನುರಿತ ಕೆಲಸಗಾರನಿಗೆ ಹಳೆಯ ಸ್ಕ್ರೂವನ್ನೇ ಮಾದರಿಯಾಗಿ ಕೊಟ್ಟು ಹೊಸದು ಕಡೆಸಿಕೊಳ್ಳುವುದು ಒಳ್ಳೆಯದು.

ಲ್ಯಾಬುಗಳಲ್ಲಿ ಕಳೆದುಹೋಗುವುದಕ್ಕೆ ಹೆಸರಾದದ್ದು ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್. ಅದು ಹಿತ್ತಾಳೆಯ ಮೊನಚು ಗೂಟ, ರಂಧ್ರಕ್ಕೆ ತಕ್ಕಂತೆ ಉಜ್ಜಿ ಕೂರಿಸಿದ್ದು. ಸರಿಯಾಗಿ ಕೂತ ಪ್ಲಗ್ಗಿನ ರೋಧ ಓಮ್‌ನ ಸಾವಿರದಲ್ಲೊಂದು ಪಾಲಿಗಿಂತ ಎಷ್ಟೋ ಕಡಿಮೆ. ಸಡಿಲವಾದರೆ ಆ ಮಿತಿ ದಾಟಿ, ಸಣ್ಣ ರೋಧಗಳನ್ನು ಹೋಲಿಸುವ ಕ್ಯಾರಿ ಫಾಸ್ಟರ್ ಬ್ರಿಡ್ಜ್ ಪ್ರಯೋಗ ಮಾಡುವ ವಿದ್ಯಾರ್ಥಿಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಅದೇ ತಯಾರಕರ ಇನ್ನೊಂದು ಕೆಟ್ಟ ಪೆಟ್ಟಿಗೆಯೇ ಪ್ಲಗ್ಗಿಗೆ ಅತ್ಯುತ್ತಮ ಮೂಲ. ಪ್ಲಗ್ಗನ್ನು ಶುಚಿಮಾಡಲು ಮರಳು ಕಾಗದದಿಂದ ತಿಕ್ಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆ ಸಾಕು.

ಕರಾವಳಿಯಲ್ಲಿ ಎಬೊನೈಟ್ ಮೇಲ್ಹಲಗೆಯದ್ದು ಬೇರೆಯೇ ಕತೆ. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು ಅದು. ಬೆಳಕು, ತೇವ ಎರಡೂ ತಗುಲಿದರೆ ಮೈಮೇಲೆ ಗಂಧಕಾಮ್ಲದ ತೆಳುಪದರ ಹುಟ್ಟಿ, ವಿದ್ಯುತ್ತಿಗೆ ಕಳ್ಳದಾರಿ ತೆರೆಯುತ್ತದೆ. ಈ ಸೋರಿಕೆಯ ದಾರಿಯ ರೋಧ 10 ಕೋಟಿ ಓಮ್ ಎಂದುಕೊಳ್ಳಿ. 10,000 ಓಮ್‌ನ ಸುರುಳಿಯಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ತಪ್ಪು ಬಂದೇಬಿಡುತ್ತದೆ. ಒಂದು ಓಮ್‌ನ ಸುರುಳಿಗೆ ಅದರಿಂದ ಏನೇನೂ ಆಗದು. ಹಾಗಾಗಿ ದೊಡ್ಡ ಮೌಲ್ಯದ ಪೆಟ್ಟಿಗೆಗಳಿಗೆ ಮೊದಲು ಗಮನ ಕೊಡಬೇಕು. ಹಲಗೆ ತೀರಾ ಕೆಟ್ಟಿದ್ದರೆ ತೇವ ಹೀರದ ಟೆಫ್ಲಾನ್‌ನಂಥ ವಸ್ತು ಹಾಕಬಹುದು.

ಸುರುಳಿಯೇ ತುಂಡಾದರೆ? ಲ್ಯಾಬಿನ ಕಪಾಟಿನಲ್ಲಿ ಯುರೇಕಾ ಎಂಬ ಮಿಶ್ರಲೋಹದ ತಂತಿ ಕೈಗೆಟಕುವಂತಿರುತ್ತದೆ, ಅದನ್ನೇ ಸುತ್ತುವ ಆಸೆಯೂ ಆಗುತ್ತದೆ. ಬೇಡ. ಅದು ತಾಮ್ರವನ್ನು ಸೇರುವ ಎರಡು ಬೆಸುಗೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಾದರೂ ಸುಮಾರು 40 ಮೈಕ್ರೊವೋಲ್ಟ್ ಹುಟ್ಟಿ ಅಳತೆಯನ್ನು ಕೆಡಿಸುತ್ತದೆ. ಮ್ಯಾಂಗನಿನ್‌ನಲ್ಲಿ ಇದು ಒಂದೆರಡು ಮೈಕ್ರೊವೋಲ್ಟ್ ಮಾತ್ರ. ಹೊಸ ಮ್ಯಾಂಗನಿನ್ ತಂದು ಸುತ್ತಿದರೂ ಕೆಲಸ ಮುಗಿಯದು: ಸುತ್ತುವಾಗ ತಂತಿಯಲ್ಲಿ ಸೇರಿದ ಬಿಗಿತ ಇಳಿಯಲು ಸುಮಾರು 140 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಡಬೇಕು, ಬಳಿಕವೂ ಅದರ ಮೌಲ್ಯ ನೆಲೆನಿಲ್ಲಲು ವರ್ಷಗಳು ಬೇಕು. ಸುರುಳಿ ಬದಲಾದ ದಿನ ಹಳೆಯ ಮಾನಕದ ಆಯುಸ್ಸು ಮುಗಿಯಿತು. ಪೆಟ್ಟಿಗೆಯ ಮೇಲೆ ಹಳೆಯ ಹೆಸರೇ ಇದ್ದರೂ ಒಳಗಿರುವುದು ಹೊಸದು.

ಮಾಪನಶಾಸ್ತ್ರ ಈಗ ಸುರುಳಿಯನ್ನು ದಾಟಿ ಮುಂದೆ ಹೋಗಿದೆ. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಮ್ ಹಾಲ್ ಪರಿಣಾಮದಿಂದ ಪ್ರಕೃತಿಯೇ 25,812.807 ಓಮ್‌ನ ಮಾನಕ ಕೊಟ್ಟಿದೆ. ಅದಕ್ಕೆ ಸವಕಳಿಯೂ ಇಲ್ಲ, ಬಿಡಿಭಾಗವೂ ಬೇಡ. ಆದರೆ ಅದಕ್ಕೆ ಬೇಕಾದ ಅತಿಶೀತ, ಬಲವಾದ ಕಾಂತಕ್ಷೇತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಕಡೆ ಮಾತ್ರ ಸಾಧ್ಯ. ಅಲ್ಲಿಂದ ಊರಿನ ಲ್ಯಾಬಿಗೆ ಓಮ್ ಇಳಿದುಬರಲು ಇಂದಿಗೂ ತಂತಿಯ ಸುರುಳಿಯೇ ಬೇಕು.

ಉಜಿರೆಯಿಂದ ಬಂಟ್ವಾಳದವರೆಗೆ, ಮೂಡುಬಿದಿರೆಯವರೆಗೆ, ಲ್ಯಾಬು ನೋಡಿಕೊಳ್ಳುವ ಎಲ್ಲರಲ್ಲಿ ಒಂದು ಬಿನ್ನಹ. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಪಕ್ಕದ ಕಾಲೇಜಿಗೆ ಒಂದು ಫೋನು ಮಾಡಿ; ನಿಮಗೆ ಬೇಡವಾದ ಪ್ಲಗ್ಗು ಅವರಿಗೆ ಬೇಕಾಗಿರಬಹುದು. ಮುಚ್ಚಿದ ಡಬ್ಬಿಯನ್ನು ಬಿಚ್ಚಬೇಡಿ. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಸಿಕ್ಕಿದರೆ, ಗೆದ್ದಲು ತಿಂದದ್ದಾದರೂ ಸರಿ, ಪೆಟ್ಟಿಗೆಯ ಜೊತೆಗೇ ಜೋಪಾನ ಮಾಡಿ. ಯಾವ ಲೇತಿನಲ್ಲೂ ಮಾಡಿಸಲಾಗದ ಬಿಡಿಭಾಗ ಅದು.