ಕೆಂಡವಿಲ್ಲದ ಒಲೆ ಕಾಯದಿದ್ದಾಗ

ಅರಕಲಗೂಡಿನ ಕಡೆಯ ಹಳ್ಳಿಮನೆಗಳಲ್ಲಿ ಹುರುಳಿ ಬೇಯಿಸುವ ಹಳೆಯ ಕ್ರಮವನ್ನು ಕಂಡವರಿಗೆ ನಿಧಾನದ ಬೆಲೆ ತಿಳಿದೇ ಇದೆ. ಒಲೆಯ ಉರಿ ಆರಿದ ಮೇಲೂ ಮಡಕೆಯು ಕೆಂಡದ ಮೇಲೆ ಕುಳಿತಿರುತ್ತದೆ. ರಾತ್ರಿಯೆಲ್ಲ ಹದವಾದ ಕಾವಿನಲ್ಲಿ ಕಾಳು ಬೆಂದು, ಬೆಳಗಾಗುವ ಹೊತ್ತಿಗೆ ಗಟ್ಟಿಯಾದ ಕಟ್ಟು ಸಿದ್ಧವಾಗಿರುತ್ತದೆ. ಕಾವು ಸಾಲದೆ ಹೋದರೆ ಕಾರಣವು ಕಣ್ಣಿಗೇ ಕಾಣುತ್ತದೆ. ಕೆಂಡ ಬೂದಿಯಾಗಿದೆ, ಒಂದೆರಡು ಸೌದೆಯಿಟ್ಟು ಊದುಗೊಳವೆಯಿಂದ ಊದಿದರಾಯಿತು.

ಈ ಕೆಂಡದ ಕೆಲಸವನ್ನೇ ವಿದ್ಯುತ್ತಿನಿಂದ ಮಾಡಿಸುವ ಪಾತ್ರೆಯೇ ಸ್ಲೋ ಕುಕ್ಕರ್. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತನು ಇಂಥದೊಂದು ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದನು. ಯಹೂದಿಗಳು ತಮ್ಮ ಸಬ್ಬತ್ ದಿನದಂದು ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಅವನ ಹಿರಿಯರ ನಾಡಾದ ಲಿಥುವೇನಿಯದಲ್ಲಿ ಹಿಂದಿನ ಸಂಜೆಯೇ ಅಡುಗೆಯ ಮಡಕೆಯನ್ನು ರೊಟ್ಟಿಯಂಗಡಿಯ ಆರುತ್ತಿರುವ ಒಲೆಯಲ್ಲಿ ಇಟ್ಟುಬಿಡುತ್ತಿದ್ದರು. ಮನೆಯ ಹಿರಿಯರಿಂದ ಕೇಳಿದ ಈ ಸಂಗತಿಯೇ ಅವನಿಗೆ ದಾರಿ ತೋರಿಸಿತು. ಹುರುಳಿಯ ಮಡಕೆಗೂ ಇದಕ್ಕೂ ಎಷ್ಟು ಹತ್ತಿರದ ನಂಟು!

ಆದರೆ ಈ ಹೊಸ ಒಲೆಯ ಕೆಂಡ ಕಣ್ಣಿಗೆ ಕಾಣದು. ಹೊರಗೆ ಲೋಹದ ಕವಚ, ಒಳಗೆ ಪಿಂಗಾಣಿಯ ಪಾತ್ರೆ. ಇವೆರಡರ ನಡುವೆ ಸುತ್ತಿದ ನೈಕ್ರೋಮ್ ತಂತಿಯೇ ಕೆಂಡ. ತಂತಿಯ ರೋಧವನ್ನು ಎದುರಿಸಿ ಹರಿಯುವಾಗ ವಿದ್ಯುತ್ತು ಉಷ್ಣವಾಗಿ ಮಾರ್ಪಡುತ್ತದೆ. ಹಾಗಾದರೆ ಪಾತ್ರೆ ಕಾಯದೆ ಇದ್ದಾಗ ನಾವೇನು ಮಾಡಬೇಕು? ಬಡಿದು ಕುಲುಕುವುದರಿಂದ ಫಲವಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತ ಹೋಗೋಣ.

ಮೊದಲನೆಯ ಪ್ರಶ್ನೆ: ಪಾತ್ರೆ ನಿಜವಾಗಿಯೂ ಕೆಟ್ಟಿದೆಯೆ? ಮೂರು ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 8,82,000 ಜೂಲ್ ಉಷ್ಣ ಬೇಕು. 200 ವ್ಯಾಟಿನ ಪಾತ್ರೆಯು ಸೆಕೆಂಡಿಗೆ 200 ಜೂಲ್ ಮಾತ್ರ ಕೊಡಬಲ್ಲದು. ಒಂದಿಷ್ಟೂ ಉಷ್ಣ ವ್ಯರ್ಥವಾಗದಿದ್ದರೂ 74 ನಿಮಿಷ ಹಿಡಿಯುತ್ತದೆ. ಪಿಂಗಾಣಿಯೂ ಕಾಯಬೇಕು, ಕವಚದಿಂದ ಕಾವು ಸೋರಲೂ ಸೋರುತ್ತದೆ. ಆದ್ದರಿಂದ ಕೆಲವು ಗಂಟೆಗಳೇ ಬೇಕಾಗುತ್ತವೆ. ಮುಚ್ಚಳವನ್ನು ಪದೇ ಪದೇ ತೆರೆದರಂತೂ ಇನ್ನೂ ತಡ. ಇನ್ನೊಂದು ಮಾತು: ಹಾಸನವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ತಾಪಮಾಪಕ 100 ಮುಟ್ಟಲಿಲ್ಲವೆಂದು ಪಾತ್ರೆಯನ್ನು ದೂರುವುದು ನ್ಯಾಯವಲ್ಲ.

ಅರ್ಧ ಗಂಟೆಯಾದರೂ ಕವಚ ತಣ್ಣಗೇ ಇದ್ದರೆ ಎರಡನೆಯ ಪ್ರಶ್ನೆ: ವಿದ್ಯುತ್ತು ಬರುತ್ತಿದೆಯೆ? ಅದೇ ಸಾಕೆಟ್ಟಿಗೆ ಸರಿಯಾಗಿರುವ ಒಂದು ಮೇಜುದೀಪವನ್ನು ಚುಚ್ಚಿ ನೋಡಿರಿ. ದೀಪ ಹತ್ತದಿದ್ದರೆ ದೋಷವು ಗೋಡೆಯದು, ಪಾತ್ರೆಯದಲ್ಲ.

ದೀಪ ಹತ್ತಿತು, ಪಾತ್ರೆ ಬೆಚ್ಚಗಾಯಿತು, ಆದರೆ ಅದಕ್ಕಿಂತ ಮೇಲೇರಲಿಲ್ಲ ಎನ್ನೋಣ. ಮೂರನೆಯ ಪ್ರಶ್ನೆ: ವೋಲ್ಟೇಜು ಸಾಕಷ್ಟಿದೆಯೆ? ಚನ್ನರಾಯಪಟ್ಟಣದಂಥ ಸೀಮೆಯಲ್ಲಿ ಕೊಳವೆಬಾವಿಯ ಪಂಪುಗಳು ಒಟ್ಟಿಗೆ ಓಡುವಾಗ, ಉದ್ದನೆಯ ತಂತಿಯ ತುದಿಯಲ್ಲಿರುವ ಮನೆಗೆ 230ರ ಬದಲು 170 ವೋಲ್ಟ್ ತಲುಪಿತೆಂದು ಭಾವಿಸಿರಿ. ವೋಲ್ಟೇಜು ಕಾಲುಭಾಗ ಇಳಿಯಿತು, ಕಾವೂ ಕಾಲುಭಾಗ ಇಳಿದೀತು ಎಂದು ತೋರುವುದು ಸಹಜ. ಆದರೆ ಉಷ್ಣವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 170ನ್ನು 230ರಿಂದ ಭಾಗಿಸಿ ವರ್ಗ ಮಾಡಿದರೆ 0.55 ಬರುತ್ತದೆ. 200 ವ್ಯಾಟಿನ ಪಾತ್ರೆ ಸುಮಾರು 110 ವ್ಯಾಟಿಗೆ ಇಳಿಯಿತು! ಒಳಗೆ ಹುಟ್ಟುವ ಉಷ್ಣವೂ ಹೊರಗೆ ಸೋರುವ ಉಷ್ಣವೂ ಸಮನಾದೊಡನೆ ತಾಪ ಏರುವುದು ನಿಲ್ಲುತ್ತದೆ. ಬೇಯುವ ಹದ ಬರುವುದೇ ಇಲ್ಲ. ಹಿಂದಿನ ತಂತಿಬಲ್ಬು ಮಂಕಾಗಿ ಈ ಸುಳಿವನ್ನು ಕೊಡುತ್ತಿತ್ತು. ಇಂದಿನ ಎಲ್‌ಇಡಿ ದೀಪಗಳಲ್ಲಿ ಅನೇಕವು ಕಡಮೆ ವೋಲ್ಟೇಜಿನಲ್ಲಿಯೂ ಮಂಕಾಗವು. ಅವನ್ನು ಸಾಕ್ಷಿಯಾಗಿ ನಂಬುವಂತಿಲ್ಲ. ಫ್ಯಾನು ನಿಧಾನವಾದರೆ ಸಂದೇಹಪಡಿರಿ. ಮೀಟರಿನಿಂದ ಅಳೆಯುವ ಕೆಲಸವನ್ನು ತಿಳಿದವರಿಗೇ ಬಿಡಿರಿ.

ವೋಲ್ಟೇಜು ಸರಿಯಿದ್ದೂ ಪಾತ್ರೆ ತಣ್ಣಗಿದ್ದರೆ ನಾಲ್ಕನೆಯ ಪ್ರಶ್ನೆ: ಒಳಗಿನ ಹಾದಿ ಎಲ್ಲಿಯಾದರೂ ತುಂಡಾಗಿದೆಯೆ? ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಈ ಪರೀಕ್ಷೆಗೆ ಕೈ ಹಾಕತಕ್ಕದ್ದು. ಮೊದಲು ವಯರು ಸುಟ್ಟಿದೆಯೆ, ಪ್ಲಗ್ಗಿನ ಬಳಿ ಸಡಿಲವಾಗಿದೆಯೆ ಎಂದು ನೋಡಿರಿ. ಪಾತ್ರೆಯ ಗುಂಡಿ ತಿರುಗಿಸುವ ಬಗೆಯದಾದರೆ ಅದನ್ನು ಹೆಚ್ಚು ಕಾವಿನ ಸ್ಥಾನದಲ್ಲಿಟ್ಟು, ಪ್ಲಗ್ಗಿನ ಎರಡು ಸಣ್ಣ ಕಡ್ಡಿಗಳ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಿರಿ. 230ರ ವರ್ಗವನ್ನು 200ರಿಂದ ಭಾಗಿಸಿದರೆ ಸುಮಾರು 265 ಓಮ್. ನೈಕ್ರೋಮಿನ ರೋಧವು ಕಾದಾಗಲೂ ಹೆಚ್ಚಾಗಿ ಬದಲಾಗದ ಕಾರಣ, ತಣ್ಣಗಿರುವಾಗಿನ ಅಳತೆಯೂ ಇದರ ಸಮೀಪದಲ್ಲೇ ಇರಬೇಕು. ಮೀಟರು ಅಪಾರ ರೋಧವನ್ನು ತೋರಿಸಿದರೆ ವಯರು, ಸ್ವಿಚ್ಚು, ಉಷ್ಣ ಫ್ಯೂಸು, ನೈಕ್ರೋಮ್ ತಂತಿ, ಇವುಗಳಲ್ಲಿ ಒಂದು ತುಂಡಾಗಿದೆ. ಸೊನ್ನೆಗೆ ಸಮೀಪವಾದರೆ ಒಳಗೆ ತಂತಿಗಳು ಒಂದಕ್ಕೊಂದು ತಗುಲಿವೆ. ಅರ್ತಿನ ದಪ್ಪ ಕಡ್ಡಿಗೂ ಉಳಿದ ಕಡ್ಡಿಗಳಲ್ಲೊಂದಕ್ಕೂ ನಡುವೆ ವಿದ್ಯುತ್ತಿಗೆ ಹಾದಿಯಿದ್ದರೆ ಹೊರಗಿನ ಕವಚವೇ ಜೀವಕ್ಕೆ ಅಪಾಯ. ಅಂಥ ಪಾತ್ರೆಯನ್ನು ಮತ್ತೆ ಗೋಡೆಗೆ ಚುಚ್ಚಲೇಬಾರದು.

ಇಲ್ಲಿಗೆ ನಮ್ಮ ಕೆಲಸ ಮುಗಿಯಿತು, ಮುಂದಿನದು ರಿಪೇರಿಯವರದು. ಉಷ್ಣ ಫ್ಯೂಸು ಹೋಗಿದ್ದರೆ ಅದರ ಜಾಗದಲ್ಲಿ ತುಂಡು ತಂತಿ ಕಟ್ಟಿ ಕೆಲಸ ಸಾಗಿಸುವ ಜಾಣತನ ಬೇಡ. ಕಾವು ಮಿತಿಮೀರಿದಾಗ ತಾನು ಕರಗಿ ಮನೆಯನ್ನು ಉಳಿಸುವುದೇ ಅದರ ಧರ್ಮ. ಅದು ಏಕೆ ಕರಗಿತೆಂಬುದನ್ನು ಮೊದಲು ತಿಳಿಯಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿದೆ. ಎಲ್ಲಕ್ಕಿಂತ ದೊಡ್ಡದು ಅದೇ. ರಾತ್ರಿಯೆಲ್ಲ ಉಗುರುಬೆಚ್ಚಗೆ ಕುಳಿತಿದ್ದ ಅಡುಗೆಯನ್ನು ಏನು ಮಾಡುವುದು? 5ರಿಂದ 60 ಡಿಗ್ರಿಯವರೆಗಿನ ತಾಪವು ಬ್ಯಾಕ್ಟೀರಿಯಗಳಿಗೆ ಹಬ್ಬದೂಟದ ಕಾಲ. ಬೆಳಿಗ್ಗೆ ಕುದಿಸಿದರೆ ಅವು ಸತ್ತಾವು. ಆದರೆ ಅವುಗಳಲ್ಲಿ ಕೆಲವು ಉಗುಳಿದ ವಿಷ ಕುದಿತಕ್ಕೂ ಜಗ್ಗದು. ರಾಜ್ಮಾ ಕಾಳಿಗಂತೂ ಇನ್ನೊಂದು ಅಪಾಯವಿದೆ. ಹಸಿ ಕಾಳಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿಭೇದಿಯನ್ನುಂಟುಮಾಡುತ್ತದೆ. ಮಂದ ಕಾವಿನಲ್ಲಿ ಅದು ನಾಶವಾಗದು. ಆದ್ದರಿಂದ ನೆನೆಸಿದ ರಾಜ್ಮಾವನ್ನು ಬೇರೆ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಬೇಕು.

ಕೆಟ್ಟ ಪಾತ್ರೆಯನ್ನು ನಾಳೆ ರಿಪೇರಿ ಮಾಡಿಸಬಹುದು. ಆದರೆ ತಣ್ಣಗಿನ ಪಾತ್ರೆಯಲ್ಲಿ ರಾತ್ರಿ ಕಳೆದ ಸಾರನ್ನು ಮರುಗದೆ ಚೆಲ್ಲಿಬಿಡಿರಿ. ಅನ್ನವನ್ನು ಚೆಲ್ಲಬಾರದೆಂದು ಕಲಿಸಿದ ಅಜ್ಜಿಯೂ ಈ ಒಂದು ಸಲ ನಮ್ಮನ್ನು ಕ್ಷಮಿಸಿಯಾಳು.