ಎಂಟು ಗಂಟೆ, ಒಂದೇ ಕಟ್ಟಡ

ಮೊದಲು ಪರದೆಯ ತುಂಬ ಬರೀ ಬೆಳ್ಳನೆಯ ಮಬ್ಬು. ಮುಳುಗುವ ಹೊತ್ತಿನ ಬೆಳಕೂ ಫಿಲ್ಮಿಗೆ ಹೆಚ್ಚಾಗಿ ಏನೂ ಕಾಣದು. ಹೊರಗೆ ಕತ್ತಲು ಕವಿದಂತೆಲ್ಲ ಆ ಬಿಳುಪಿನೊಳಗಿಂದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಅಂಚು ಮೂಡುತ್ತದೆ. ಆಮೇಲೆ ಹೊರದೀಪಗಳು ಝಗ್ಗನೆ ಹೊತ್ತಿಕೊಂಡು ಮೇಲಿನ ಅಂತಸ್ತುಗಳು ಬೆಳಗುತ್ತವೆ. ಆ್ಯಂಡಿ ವಾರ್ಹಾಲ್‌ನ ‘ಎಂಪೈರ್’ ಚಿತ್ರದ ಅತಿ ದೊಡ್ಡ ಘಟನೆ ಇದೇ.

1964ರ ಜುಲೈ 25ರ ರಾತ್ರಿ. ಟೈಮ್-ಲೈಫ್ ಕಟ್ಟಡದ 41ನೇ ಮಹಡಿಯ ಕಿಟಕಿಯ ಬಳಿ 16 ಮಿ.ಮೀ. ಕ್ಯಾಮೆರಾ ನಿಂತಿತ್ತು. ಯೋಚನೆ ಜಾನ್ ಪಾಮರ್‌ನದು, ಛಾಯಾಗ್ರಹಣ ಜೋನಾಸ್ ಮೇಕಸ್‌ನದು. ರಾತ್ರಿ 8ರ ಸುಮಾರಿಗೆ ಶುರುವಾದ ಚಿತ್ರೀಕರಣ ನಸುಕಿನ 2.42ರವರೆಗೆ ನಡೆಯಿತು. ಕ್ಯಾಮೆರಾ ಅತ್ತಿತ್ತ ಕದಲಲಿಲ್ಲ. ಕಥೆಯಿಲ್ಲ, ನಟರಿಲ್ಲ, ಸದ್ದಿಲ್ಲ. ಸೆಕೆಂಡಿಗೆ 24 ಚೌಕಟ್ಟಿನಂತೆ ಹಿಡಿದದ್ದನ್ನು 16ರಂತೆ ತೋರಿಸಿದ್ದರಿಂದ ಆರೂವರೆ ಗಂಟೆಯ ರಾತ್ರಿ ಪರದೆಯ ಮೇಲೆ ಎಂಟು ಗಂಟೆ ಮೀರಿ ಹಿಗ್ಗಿತು. ಸೂಪಿನ ಡಬ್ಬಿಯನ್ನು ಸಾಲುಸಾಲಾಗಿ ಬಿಡಿಸಿ ‘ಇದನ್ನೂ ನೋಡಿ’ ಎಂದಿದ್ದ ಕಲಾವಿದ ಈಗ ಎಲ್ಲರಿಗೂ ಗೊತ್ತಿರುವ ಕಟ್ಟಡವನ್ನು ಕಣ್ಣೆದುರು ನಿಲ್ಲಿಸಿದ್ದ.

ತಾಳ್ಮೆಯಿಂದ ಕೂತರೆ ಕಣ್ಣು ಹದಕ್ಕೆ ಬರುತ್ತದೆ. ಕತ್ತಲ ಆಕಾಶದಲ್ಲಿ ಫಿಲ್ಮಿನ ಕಣಗಳು ರಾಗಿ ಚೆಲ್ಲಿದಂತೆ ಮಿಸುಕುತ್ತವೆ. ದೂರದ ಮೆಟ್ರೊಪಾಲಿಟನ್ ಲೈಫ್ ಗೋಪುರದ ದೀಪ ಕಾಲು ಗಂಟೆಗೊಮ್ಮೆ ಮಿನುಗಿ ಹೊತ್ತು ತಿಳಿಸುತ್ತದೆ. ಕೆಲವು ರೀಲುಗಳ ಆರಂಭದಲ್ಲಿ, ಕೋಣೆಯ ದೀಪ ಆರುವ ಮೊದಲೇ ಕ್ಯಾಮೆರಾ ಓಡಿದ್ದರಿಂದ, ಕಿಟಕಿ ಗಾಜಿನಲ್ಲಿ ಚಿತ್ರ ತೆಗೆಯುತ್ತಿದ್ದವರ ಪ್ರತಿಬಿಂಬ ಸುಳಿದು ಹೋಗುತ್ತದೆ. ಅಷ್ಟು ಹೊತ್ತು ಕಲ್ಲನ್ನೇ ನೋಡುತ್ತಿದ್ದವರಿಗೆ ಆ ಮನುಷ್ಯರ ನೆರಳು ಎಂಥ ಸಂಭ್ರಮ! ಕೊನೆಗೆ ಹೊರದೀಪಗಳೂ ಆರಿ, ಉಳಿಯುವುದು ಕಪ್ಪಿನಲ್ಲಿ ಚುಕ್ಕಿಯಷ್ಟು ಬೆಳಕು.

1965ರ ಮಾರ್ಚಿನ ಮೊದಲ ಪ್ರದರ್ಶನದಲ್ಲಿ ಸಿಟ್ಟಾದ ಪ್ರೇಕ್ಷಕರು ದುಡ್ಡು ವಾಪಸ್ ಕೇಳಿದರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿ ಇದನ್ನೇ ಕಾಪಾಡಬೇಕಾದ ಆಸ್ತಿಯೆಂದು ಸೇರಿಸಿಕೊಂಡಿತು. ಒಂದು ಸ್ಥಿರಚಿತ್ರ ನೋಡಿ ‘ಎಂಪೈರ್ ಅಂದರೆ ಇಷ್ಟೇ ತಾನೆ’ ಅನ್ನುವವರು ಈಗಲೂ ಇದ್ದಾರೆ. ಆದರೆ ಸ್ಥಿರಚಿತ್ರದಲ್ಲಿ ಸಂಜೆ ರಾತ್ರಿಯಾಗುವುದಿಲ್ಲ, ದೀಪ ಹೊತ್ತಿ ಆರುವುದಿಲ್ಲ. ಹೊತ್ತು ಸರಿಯುವುದನ್ನೇ ಕಣ್ಣಾರೆ ಕಾಣುವ ಭಾಗ್ಯ ಸಿನಿಮಾ ಒಂದರಲ್ಲೇ ಸಾಧ್ಯ. ಅದಕ್ಕಾಗಿ ಇದನ್ನು ಕೂತೇ ನೋಡಬೇಕು.